‘ವಾಟರ್’ ವರ್ಬ್ ಹೇಗಾಯಿತು?

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಊರು ವಿಜಯಪುರದ ಕಡೆ. ನಾನು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಗಳು ಇಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಆರನೆಯ ತರಗತಿ. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರೆಯಲು ಬರುವುದಿಲ್ಲ. ಪಾರ್ಟ್ಸ್ ಆಫ್ ಸ್ಪೀಚ್, ಅಂದರೆ ನೌನ್, ವರ್ಬ್ ಮುಂತಾದ ಶಬ್ದದ ಬಗೆಗಳು, ಎಂಟೂ ಅವಳಿಗೆ ವ್ಯಾಖ್ಯೆ ಸಮೇತ ಬಾಯಿಪಾಠ. ಆದರೂ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ತಪ್ಪು. ಮೊನ್ನೆ ‘ವಿ ವಾಟರ್ ದ ಪ್ಲಾಂಟ್ಸ್ ಎವ್ರಿ ಮಾರ್ನಿಂಗ್’ ಎಂಬಲ್ಲಿ ‘ವಾಟರ್’ ಕೆಳಗೆ ಗೆರೆ ಎಳೆದು ಕೇಳಿದ್ದರು. ನೌನ್ ಎಂದು ಬರೆದಳು, ತಪ್ಪು ಹಾಕಿದ್ದಾರೆ. ನೀರು ನಾಮಪದವಲ್ಲದೆ ಮತ್ತೇನು? ಒಂದೇ ಶಬ್ದಕ್ಕೆ ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು. ಮರಾಠಿ ವ್ಯಾಕರಣದಲ್ಲೂ ಇದೇ ಪಾಠ ಬಂದಿದೆ, ಅಲ್ಲಿಯ ಹೆಸರುಗಳೇ ಬೇರೆ. ಕನ್ನಡದಲ್ಲಿ ಹೇಳಿಕೊಟ್ಟರೆ ಅವಳ ಇಂಗ್ಲಿಷ್ ಕೆಡುತ್ತದೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ನಾನೇ ಹೇಳಿಕೊಡಲೇ, ಟ್ಯೂಷನ್ನಿಗೆ ಹಾಕಲೇ?

ಉತ್ತರ: ನೀವೇ ಹೇಳಿಕೊಡಿ. ಕನ್ನಡದಲ್ಲೇ ಹೇಳಿಕೊಡಿ. ಮುಂಬಯಿಯಲ್ಲಿ ನಮ್ಮವರ ಮಕ್ಕಳಿಗೆ ವರ್ಷಾನುಗಟ್ಟಲೆ ಇಂಗ್ಲಿಷ್ ಕಲಿಸಿದವನಾಗಿ ಇದನ್ನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಈ ಪಾಠ ಅರ್ಥವಾಗಲು ಬೇಕಾದ ತಿಳಿವಳಿಕೆ ನಿಮ್ಮ ಮಗಳ ನಾಲಿಗೆಯ ಮೇಲೆ ಆಗಲೇ ಇದೆ. ಅವಳು ದಿನವೂ ಆಡುವ ಕನ್ನಡದಲ್ಲಿ ಅದು ಕೂತಿದೆ. ಅದನ್ನು ಅವಳಿಗೆ ತೋರಿಸಿ ಇಂಗ್ಲಿಷಿಗೆ ಹೊಂದಿಸಿಕೊಟ್ಟರೆ ಸಾಕು. ಕನ್ನಡ ಬಾರದ ಟ್ಯೂಷನ್ ಟೀಚರ್ ಮಾಡಲಾಗದ ಕೆಲಸ ಇದು.

ಮೊದಲು ‘ವಾಟರ್’ ವಿಚಾರ ಮುಗಿಸೋಣ. ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: ‘ನಾವು ದಿನಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತೇವೆ.’ ನಮಗೆ ಇಲ್ಲಿ ಎರಡು ಶಬ್ದ ಬೇಕಾದವು. ‘ನೀರು’ ನಾಮಪದ, ‘ಹಾಕುತ್ತೇವೆ’ ಕ್ರಿಯಾಪದ. ಇಂಗ್ಲಿಷಿನ ಈ ವಾಕ್ಯದಲ್ಲಿ ‘ಹಾಕು’ ಎಂಬುದಕ್ಕೆ ಬೇರೆ ಶಬ್ದವೇ ಇಲ್ಲ. ಆ ಕೆಲಸವನ್ನೂ ‘ವಾಟರ್’ ಹೊತ್ತುಕೊಂಡಿದೆ. ಅದನ್ನು ತೆಗೆದುಬಿಟ್ಟರೆ ‘ವಿ ದ ಪ್ಲಾಂಟ್ಸ್’ ಅಂತ ಉಳಿಯುತ್ತದೆ. ‘ನಾವು ಗಿಡಗಳಿಗೆ’ ಅಂದಷ್ಟೇ ಆಯಿತು. ಏನು ಮಾಡುತ್ತೇವೆ ಎಂಬುದು ಹೋಯಿತು. ಅಂದಮೇಲೆ ಆ ವಾಕ್ಯದ ಕ್ರಿಯಾಪದ ಅದೇ. ಮಗಳ ಕಿವಿಗೆ ‘ವಾಟರ್’ ಎಂದೊಡನೆ ನೀರು ನೆನಪಾಯಿತು, ನೀರು ವಸ್ತು, ವಸ್ತುವಿನ ಹೆಸರು ನೌನ್ ಎಂದು ಬರೆದಳು. ಶಬ್ದದ ಅರ್ಥ ನೋಡಿದಳು, ವಾಕ್ಯದಲ್ಲಿ ಅದು ನಿಂತ ಜಾಗ ನೋಡಲಿಲ್ಲ. ನೀವು ಹೇಳುವ ‘ಅರ್ಧಕ್ಕರ್ಧ ತಪ್ಪು’ ಹೆಚ್ಚುಕಡಿಮೆ ಎಲ್ಲವೂ ಈ ಒಂದೇ ಕಾರಣಕ್ಕೆ ಆಗುವಂಥವು.

ನಮ್ಮ ಉಡುಪಿ ಹೋಟೆಲುಗಳನ್ನು ನೆನೆಯಿರಿ. ಬೆಳಿಗ್ಗೆ ಗಲ್ಲಾದಲ್ಲಿ ಕೂತ ಮನುಷ್ಯ ಗಿರಾಕಿ ಜಾಸ್ತಿಯಾದಾಗ ಎದ್ದು ಆರ್ಡರ್ ತೆಗೆದುಕೊಳ್ಳುತ್ತಾನೆ, ಒಳಗೆ ಕೈ ಕಡಿಮೆಯಾದರೆ ಕಾವಲಿಯ ಮುಂದೆ ನಿಲ್ಲುತ್ತಾನೆ. ಅವನು ಕ್ಯಾಷಿಯರೋ ವೇಟರೋ ಭಟ್ಟರೋ ಅಂತ ಯಾರಾದರೂ ಕೇಳಿದರೆ ‘ಈಗ ಎಲ್ಲಿ ನಿಂತಿದ್ದಾನೆ ನೋಡು’ ಅನ್ನಬೇಕಾಗುತ್ತದೆ. ಇಂಗ್ಲಿಷ್ ಶಬ್ದವೂ ಹಾಗೆಯೇ. ಆದ್ದರಿಂದ ‘ವಾಟರ್ ಯಾವ ಪಾರ್ಟ್ ಆಫ್ ಸ್ಪೀಚ್?’ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಬಾರದು. ‘ಈ ವಾಕ್ಯದಲ್ಲಿ ವಾಟರ್ ಏನು ಮಾಡುತ್ತಿದೆ?’ ಎಂದೇ ಕೇಳಬೇಕು. ಶಬ್ದಗಳ ಪಟ್ಟಿ ಕೊಟ್ಟು ಮುಂದೆ ನೌನ್, ವರ್ಬ್ ಎಂದು ಬರೆಸುವ ಅಭ್ಯಾಸ ಪುಸ್ತಕಗಳು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವನ್ನು ತರಬೇಡಿ. ವಾಕ್ಯವಿಲ್ಲದೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಪಾಠವನ್ನು ಇಂಗ್ಲಿಷಿನಿಂದ ಶುರು ಮಾಡಬೇಡಿ. ‘ಅವಳು ಒಂದು ಹಾಡು ಹಾಡಿದಳು’ ಎನ್ನಿ. ಇದರಲ್ಲಿ ‘ಹಾಡು’ ಎರಡು ಸಲ ಬಂತಲ್ಲ, ಎರಡೂ ಒಂದೇನಾ ಅಂತ ಕೇಳಿ. ಆರನೆಯ ತರಗತಿಯ ಹುಡುಗಿ ಕ್ಷಣದಲ್ಲಿ ಹೇಳುತ್ತಾಳೆ: ಮೊದಲನೆಯದು ಹಾಡಿದ್ದು ಏನು ಅಂತ ಹೇಳುತ್ತದೆ, ಎರಡನೆಯದು ಮಾಡಿದ್ದು ಏನು ಅಂತ. ‘ರೈತರು ಬೆಳೆ ಬೆಳೆದರು’ ಎನ್ನಿ. ‘ಅವಳ ನಗು ಚೆಂದ’, ‘ಸುಮ್ಮನೆ ನಗು’ ಎನ್ನಿ. ಇವನ್ನೆಲ್ಲ ಅವಳಿಗೆ ಯಾರೂ ಕಲಿಸಿಲ್ಲ, ಆದರೂ ಗೊತ್ತು. ಆಮೇಲೆ ಇಂಗ್ಲಿಷಿಗೆ ಬನ್ನಿ: ‘ದ ಕುಕ್ ಕುಕ್ಸ್ ರೈಸ್.’ ಮೊದಲನೆಯ ‘ಕುಕ್’ ಅಡುಗೆಯವರು, ಎರಡನೆಯದು ಅಡುಗೆ ಮಾಡುವುದು. ಹಾಡು ಹಾಡಿದ ಹಾಗೆಯೇ.

ಕನ್ನಡದಲ್ಲಿ ಇಂಥ ಜೋಡಿಗಳು ಇವೆ, ಆದರೆ ನಮ್ಮ ಸಾಮಾನ್ಯ ರೂಢಿ ಬೇರೆ. ಓಡು ಎಂಬುದು ಓಟ ಆಗುತ್ತದೆ, ನೋಡು ನೋಟ ಆಗುತ್ತದೆ, ಆಡು ಆಟ ಆಗುತ್ತದೆ. ಕೆಲಸ ಬದಲಾದಾಗ ಶಬ್ದದ ಬಾಲವೂ ಬದಲಾಗುತ್ತದೆ. ನಾಮಪದಕ್ಕೆ ಅನ್ನು, ಇಂದ, ಗೆ, ಅಲ್ಲಿ ಎಂಬ ವಿಭಕ್ತಿ ಅಂಟುತ್ತದೆ. ಕ್ರಿಯಾಪದಕ್ಕೆ ಯಾರು, ಯಾವಾಗ ಎಂದು ಹೇಳುವ ಪ್ರತ್ಯಯ ಅಂಟುತ್ತದೆ. ಹಾಗಾಗಿ ‘ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು’ ಅಂದರೂ ‘ಬೆಕ್ಕನ್ನು ನಾಯಿ ಅಟ್ಟಿಸಿಕೊಂಡು ಹೋಯಿತು’ ಅಂದರೂ ಓಡಿದ್ದು ಬೆಕ್ಕೇ. ಇಂಗ್ಲಿಷಿನಲ್ಲಿ ‘ದ ಡಾಗ್ ಚೇಸ್ಡ್ ದ ಕ್ಯಾಟ್’ ಎಂಬುದನ್ನು ತಿರುಗಿಸಿ ‘ದ ಕ್ಯಾಟ್ ಚೇಸ್ಡ್ ದ ಡಾಗ್’ ಎಂದರೆ ಕಥೆಯೇ ತಲೆಕೆಳಗಾಗುತ್ತದೆ. ನಾವು ಬಾಲ ನೋಡಿ ತಿಳಿಯುವುದನ್ನು ಇಂಗ್ಲಿಷಿನವರು ಜಾಗ ನೋಡಿ ತಿಳಿಯುತ್ತಾರೆ. ಕನ್ನಡ ಮನೆಮಾತಿನ ಮಕ್ಕಳು ಇಂಗ್ಲಿಷ್ ಶಬ್ದವನ್ನು ಒಂಟಿಯಾಗಿ ದಿಟ್ಟಿಸಿ ನೋಡುವುದೂ ಈ ಅಭ್ಯಾಸದಿಂದಲೇ. ಅದು ದಡ್ಡತನ ಅಲ್ಲ. ನೋಡಬೇಕಾದ ಕಡೆ ಬೇರೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿಗೂ ನಮ್ಮಂತೆ ವಿಭಕ್ತಿಗಳಿದ್ದವು, ಕ್ರಿಯಾಪದಗಳಿಗೆ ಉದ್ದುದ್ದ ಬಾಲಗಳಿದ್ದವು. ಪ್ರೀತಿ ಎಂಬ ನಾಮಪದ ‘ಲುವು’, ಪ್ರೀತಿಸುವುದು ‘ಲುವಿಯನ್’. ಕೇಳಿದ ಕೂಡಲೇ ಯಾವುದು ಯಾವುದು ಎಂದು ಗೊತ್ತಾಗುತ್ತಿತ್ತು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅದಕ್ಕೂ ಮುಂಚೆಯೇ ಶುರುವಾಗಿದ್ದ ಸವೆತ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಪೂರ್ತಿಯಾಯಿತು, ಬಾಲಗಳಲ್ಲಿ ಹೆಚ್ಚಿನವು ಉದುರಿಹೋದವು. ‘ಲುವು’ ಕೂಡ ‘ಲವ್’ ಆಯಿತು, ‘ಲುವಿಯನ್’ ಕೂಡ ‘ಲವ್’ ಆಯಿತು. ಗಿಡಕ್ಕೆ ನೀರು ಹಾಕುವುದಕ್ಕಿದ್ದ ಕ್ರಿಯಾಪದವೂ ಹೀಗೆಯೇ ಬಾಲ ಕಳೆದುಕೊಂಡು ‘ವಾಟರ್’ ಆಯಿತು. ಬಾಲ ಹೋದ ಮೇಲೆ ಒಂದೇ ಶಬ್ದವನ್ನು ನಾಮಪದದ ಜಾಗದಲ್ಲೂ ಕ್ರಿಯಾಪದದ ಜಾಗದಲ್ಲೂ ಕೂರಿಸುವ ಸ್ವಾತಂತ್ರ್ಯ ಬಂತು. ‘ಹ್ಯಾಂಡ್’ ಕೈಗೆ ಕೊಡುವ ಕೆಲಸವಾಯಿತು, ಈಗ ‘ಗೂಗಲ್’ ಹುಡುಕುವ ಕೆಲಸವಾಗಿದೆ. ಈ ಕಥೆಯನ್ನು ಮಗಳಿಗೆ ಹೇಳಿ. ಇಂಗ್ಲಿಷ್ ವ್ಯಾಕರಣ ಮನಬಂದಂತೆ ನಡೆಯುತ್ತದೆ ಎಂಬ ಸಿಟ್ಟು ಮಕ್ಕಳಿಗಿರುತ್ತದೆ. ಕಾರಣ ಗೊತ್ತಾದರೆ ಅದು ಕಡಿಮೆಯಾಗುತ್ತದೆ.

ಇನ್ನು ವಾಕ್ಯದಲ್ಲಿ ಜಾಗ ಹುಡುಕುವುದು. ಮೊದಲು ವರ್ಬ್ ಹಿಡಿಯಿರಿ, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ‘ವರ್ಬ್ ಅಂದರೆ ಆ್ಯಕ್ಷನ್ ವರ್ಡ್’ ಎಂಬ ವ್ಯಾಖ್ಯೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ‘ಈಸ್’, ‘ಹ್ಯಾವ್’, ಗೊತ್ತಿದೆ ಎಂಬರ್ಥದ ‘ನೋ’ ಇವುಗಳಲ್ಲಿ ಯಾವ ಆ್ಯಕ್ಷನ್ ಇದೆ? ‘ದ ಫೈಟ್ ವಾಸ್ ಲಾಂಗ್’ ಎಂಬಲ್ಲಿ ‘ಫೈಟ್’ ಜಗಳವೇ ಆದರೂ ವರ್ಬ್ ಅಲ್ಲ. ನಾನು ಬಳಸುವ ಉಪಾಯ ಸರಳ. ವಾಕ್ಯದ ಮೊದಲಿಗೆ ‘ಯೆಸ್ಟರ್‌ಡೇ’ ಹಾಕಿ ಓದಿಸಿ. ಯಾವ ಶಬ್ದ ರೂಪ ಬದಲಿಸುತ್ತದೋ ಅದು ವರ್ಬ್. ‘ದ ಕುಕ್ ಕುಕ್ಸ್ ರೈಸ್’ ಎಂಬುದು ‘ಯೆಸ್ಟರ್‌ಡೇ ದ ಕುಕ್ ಕುಕ್ಡ್ ರೈಸ್’ ಆಯಿತು. ಮೊದಲನೆಯ ‘ಕುಕ್’ ಅಲುಗಾಡಲಿಲ್ಲ, ಎರಡನೆಯದು ಬದಲಾಯಿತು. ‘ವಿ ವಾಟರ್’ ಎಂಬುದು ‘ವಿ ವಾಟರ್ಡ್’ ಆಯಿತು. ‘ಪುಟ್’, ‘ಕಟ್’ ಥರದ ಕೆಲವು ಹಠಮಾರಿಗಳು ನಿನ್ನೆಗೂ ಬದಲಾಗುವುದಿಲ್ಲ. ಅಲ್ಲಿ ‘ವಿ’ ತೆಗೆದು ‘ಶಿ’ ಹಾಕಿ, ಇಂದಿನ ಮಾತಾಗಿ ಹೇಳಿಸಿ. ‘ಶಿ ಪುಟ್ಸ್’, ‘ಶಿ ಕಟ್ಸ್’ ಎಂದು ಬಾಲ ಕಾಣುತ್ತದೆ. ನೌನಿಗೆ ಬೇರೆ ಪರೀಕ್ಷೆ: ಶಬ್ದಕ್ಕೆ ಮೊದಲು ‘ದ’ ಅಥವಾ ‘ಮೈ’ ಇಡಬಹುದೇ, ಒಂದಕ್ಕಿಂತ ಹೆಚ್ಚು ಮಾಡಬಹುದೇ ನೋಡುವುದು. ನೀರಿನಂಥ ಎಣಿಸಲಾಗದ ವಸ್ತುಗಳಿಗೆ ಎರಡನೆಯದು ನಡೆಯದು, ಮೊದಲನೆಯದೇ ಸಾಕು.

ಡೊಂಬಿವಲಿಯಲ್ಲಿ ಇರುವವರಿಗೆ ಅಡ್ಜೆಕ್ಟಿವ್ ಕಲಿಸಲು ಪುಸ್ತಕ ಬೇಕಿಲ್ಲ, ಸ್ಟೇಷನ್ ಸಾಕು. ರೈಲಿನೊಳಗೆ ಮೂರು ಭಾಷೆಯಲ್ಲಿ ಕೂಗುತ್ತಾರಲ್ಲ, ‘ಪುಢೀಲ ಸ್ಟೇಷನ್’, ‘ಅಗಲಾ ಸ್ಟೇಷನ್’, ‘ನೆಕ್ಸ್ಟ್ ಸ್ಟೇಷನ್’ ಅಂತ. ಮೂರರಲ್ಲೂ ಮೊದಲ ಶಬ್ದ ಸ್ಟೇಷನ್ ಎಂಬ ನಾಮಪದದ ಮುಂದೆ ನಿಂತು ಅದು ಯಾವುದು ಎಂದು ಹೇಳುತ್ತದೆ. ಅಡ್ಜೆಕ್ಟಿವಿನ ಕೆಲಸ ಅದೇ. ‘ವಾಟ್ ಹ್ಯಾಪನ್ಡ್ ನೆಕ್ಸ್ಟ್?’ ಎಂದು ಕೇಳಿದಾಗ ಅದೇ ‘ನೆಕ್ಸ್ಟ್’ ಯಾವ ನಾಮಪದವನ್ನೂ ಹೇಳುತ್ತಿಲ್ಲ, ಆಮೇಲೆ ಏನಾಯಿತು ಎಂದು ‘ಆಗುವುದರ’ ಬಗ್ಗೆ ಹೇಳುತ್ತಿದೆ. ಹಾಗಾಗಿ ಅಡ್ವರ್ಬ್. ‘ಫಾಸ್ಟ್ ಟ್ರೇನ್’ ಎಂಬಲ್ಲಿ ‘ಫಾಸ್ಟ್’ ಅಡ್ಜೆಕ್ಟಿವ್. ‘ದ ಟ್ರೇನ್ ರನ್ಸ್ ಫಾಸ್ಟ್’ ಎಂಬಲ್ಲಿ ಅಡ್ವರ್ಬ್. ‘ಮೈ ಮದರ್ ಫಾಸ್ಟ್ಸ್ ಆನ್ ಮಂಡೇಸ್’ ಅಂದರೆ ಸೋಮವಾರ ಉಪವಾಸ ಮಾಡುತ್ತಾಳೆ, ವರ್ಬ್. ‘ಶಿ ಬ್ರೋಕ್ ಹರ್ ಫಾಸ್ಟ್’ ಅಂದರೆ ಉಪವಾಸ ಬಿಟ್ಟಳು, ನೌನ್. ಇನ್ನೂ ಒಂದು ನೋಡಿ. ‘ಲೋಕಲ್ ಟ್ರೇನ್’ ಎಂಬಲ್ಲಿ ‘ಲೋಕಲ್’ ಅಡ್ಜೆಕ್ಟಿವ್ ಆಗಿತ್ತು. ಮುಂಬಯಿ ಅದನ್ನು ಎಂದೋ ನೌನ್ ಮಾಡಿಕೊಂಡಿದೆ: ‘ದ ಲೋಕಲ್ ಈಸ್ ಲೇಟ್.’ ನಾವು ಕನ್ನಡದಲ್ಲಿ ‘ಲೋಕಲ್ಲಿಗೆ ಹೋಗೋಣ’, ‘ಫಾಸ್ಟಿಗೆ ಬಾ, ಸ್ಲೋ ಹಿಡಿಯಬೇಡ’ ಎನ್ನುತ್ತೇವೆ. ‘ಫಾಸ್ಟಿಗೆ’ ಎಂದು ‘ಗೆ’ ಅಂಟಿಸಿದಾಗಲೇ ಅದನ್ನು ನಾಮಪದ ಮಾಡಿದೆವು. ಕನ್ನಡದ ವಿಭಕ್ತಿ ಹೇಗೆ ಕೆಲಸವನ್ನು ಬಯಲು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ‘ಬಯಲು ಮಾಡುವ’ ಗುಣವನ್ನೇ ನೀವು ಬಳಸಬೇಕು. ಇಂಗ್ಲಿಷ್ ವಾಕ್ಯವನ್ನು ಮಗಳಿಂದ ಬಾಯಲ್ಲೇ ಕನ್ನಡಕ್ಕೆ ತಿರುಗಿಸಿಸಿ, ಕನ್ನಡದ ಬಾಲ ಏನು ಬಂತು ಕೇಳಿ. ಅತ್ಯಂತ ಗೋಳು ಕೊಡುವ ‘ದ್ಯಾಟ್’ ತೆಗೆದುಕೊಳ್ಳೋಣ. ‘ದ್ಯಾಟ್ ಬ್ಯಾಗ್ ಈಸ್ ಹೆವಿ’ ಎಂಬುದು ‘ಆ ಚೀಲ ಭಾರ ಇದೆ.’ ‘ದ್ಯಾಟ್ ಈಸ್ ಮೈ ಬ್ಯಾಗ್’ ಎಂಬುದು ‘ಅದು ನನ್ನ ಚೀಲ.’ ‘ಶಿ ಸೆಡ್ ದ್ಯಾಟ್ ಶಿ ವಾಸ್ ಟೈರ್ಡ್’ ಎಂಬುದು ‘ಸುಸ್ತಾಗಿದೆ ಅಂತ ಹೇಳಿದಳು.’ ‘ದ ಬಸ್ ದ್ಯಾಟ್ ಕೇಮ್ ಲೇಟ್’ ಎಂಬುದು ‘ತಡವಾಗಿ ಬಂದ ಬಸ್ಸು.’ ಇಂಗ್ಲಿಷಿನಲ್ಲಿ ನಾಲ್ಕು ಕಡೆಯೂ ಒಂದೇ ‘ದ್ಯಾಟ್’. ಕನ್ನಡದಲ್ಲಿ ಮೊದಲು ‘ಆ’, ಆಮೇಲೆ ‘ಅದು’, ಆಮೇಲೆ ‘ಅಂತ’, ಕೊನೆಗೆ ಶಬ್ದವೇ ಇಲ್ಲದೆ ‘ಬಂದ’ ಎಂಬ ರೂಪ. ‘ಆ’ ಬಂದರೆ ಅಡ್ಜೆಕ್ಟಿವ್, ಇತ್ತೀಚಿನ ಪುಸ್ತಕಗಳ ಹೆಸರಿನಲ್ಲಿ ಡಿಟರ್ಮಿನರ್. ‘ಅದು’ ಬಂದರೆ ಪ್ರೊನೌನ್. ‘ಅಂತ’ ಬಂದರೆ ಕಂಜಂಕ್ಷನ್. ‘ಬಂದ ಬಸ್ಸು’, ‘ಹೋದ ಹುಡುಗಿ’ ಥರ ಕೃದಂತ ಬಂದರೆ ರಿಲೇಟಿವ್ ಪ್ರೊನೌನ್. ಕನ್ನಡ ಗೊತ್ತಿರುವ ಮಗುವಿಗೆ ಇಲ್ಲಿ ತಪ್ಪಾಗಲು ದಾರಿಯೇ ಇಲ್ಲ. ‘ದಿಸ್’ಗೂ ಹಾಗೇ, ‘ಈ’ ಮತ್ತು ‘ಇದು’. ‘ಮೈ’ ಮತ್ತು ‘ಮೈನ್’ ಎಂಬುದು ‘ನನ್ನ’ ಮತ್ತು ‘ನನ್ನದು’.

‘ಇಂಗ್’ ಬಾಲದ ಶಬ್ದಗಳೂ ಹೀಗೆಯೇ ಬಿಡಿಸಿಕೊಳ್ಳುತ್ತವೆ. ‘ರನ್ನಿಂಗ್ ಈಸ್ ಗುಡ್ ಎಕ್ಸರ್‌ಸೈಜ್’ ಎಂದರೆ ‘ಓಡುವುದು’, ಅಂದರೆ ನೌನಿನ ಕೆಲಸ, ಶಾಲೆಯವರು ಜೆರಂಡ್ ಅನ್ನುತ್ತಾರೆ. ‘ಎ ರನ್ನಿಂಗ್ ಟ್ರೇನ್’ ಎಂದರೆ ‘ಓಡುವ ರೈಲು’, ಅಡ್ಜೆಕ್ಟಿವ್ ಕೆಲಸ. ‘ಶಿ ಈಸ್ ರನ್ನಿಂಗ್’ ಎಂದರೆ ‘ಓಡುತ್ತಿದ್ದಾಳೆ’, ವರ್ಬ್. ಓಡುವುದು, ಓಡುವ, ಓಡುತ್ತಿದ್ದಾಳೆ. ಇಂಗ್ಲಿಷ್ ಒಂದೇ ರೂಪದಲ್ಲಿ ಮುಚ್ಚಿಟ್ಟದ್ದನ್ನು ಕನ್ನಡ ಮೂರಾಗಿ ಬಿಡಿಸಿ ತೋರಿಸುತ್ತದೆ.

ಒಂದು ಕಡೆ ಮಾತ್ರ ಕನ್ನಡ ನಿಮ್ಮನ್ನು ದಾರಿ ತಪ್ಪಿಸುತ್ತದೆ, ಅಲ್ಲಿ ಎಚ್ಚರ ಬೇಕು. ಅಡ್ಜೆಕ್ಟಿವಿಗೂ ಅಡ್ವರ್ಬಿಗೂ ನಮ್ಮ ಗುರುತು ‘ಆದ’ ಮತ್ತು ‘ಆಗಿ’. ವೇಗವಾದ ರೈಲು, ವೇಗವಾಗಿ ಓಡಿತು. ಸುಂದರವಾದ ಮನೆ, ಸುಂದರವಾಗಿ ಬರೆದಳು. ‘ಆದ’ ಅಡ್ಜೆಕ್ಟಿವ್, ‘ಆಗಿ’ ಅಡ್ವರ್ಬ್. ಬಹಳಷ್ಟು ಕಡೆ ಇದು ಸರಿಹೋಗುತ್ತದೆ. ಆದರೆ ‘ಅವಳು ಸುಂದರವಾಗಿ ಕಾಣುತ್ತಾಳೆ’ ಎಂಬುದು ಇಂಗ್ಲಿಷಿನಲ್ಲಿ ‘ಶಿ ಲುಕ್ಸ್ ಬ್ಯೂಟಿಫುಲ್’. ‘ಆಗಿ’ ಇದೆಯಲ್ಲ ಎಂದು ನಮ್ಮ ಮಕ್ಕಳು ‘ಬ್ಯೂಟಿಫುಲಿ’ ಎಂದು ಬರೆಯುತ್ತಾರೆ. ಇಲ್ಲಿ ಸುಂದರ ಎಂದದ್ದು ಅವಳನ್ನು, ನೋಡುವ ರೀತಿಯನ್ನಲ್ಲ. ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್, ಸೀಮ್ ಇವುಗಳ ಜೊತೆ ಈ ಗೊಂದಲ ಬರುತ್ತದೆ. ಆ ಜಾಗದಲ್ಲಿ ‘ಈಸ್’ ಹಾಕಿ ನೋಡಬೇಕು. ‘ದ ಉಪ್ಪಿಟ್ಟು ಸ್ಮೆಲ್ಸ್ ಗುಡ್’ ಎಂಬುದು ‘ದ ಉಪ್ಪಿಟ್ಟು ಈಸ್ ಗುಡ್’ ಆಗಿ ನಿಲ್ಲುತ್ತದೆ, ಹಾಗಾದರೆ ಮುಂದಿನದು ಅಡ್ಜೆಕ್ಟಿವ್. ‘ಶಿ ಸ್ಮೆಲ್ಡ್ ದ ಮಿಲ್ಕ್ ಕೇರ್‌ಫುಲಿ’ ಎಂಬಲ್ಲಿ ‘ಈಸ್’ ಹಾಕಿದರೆ ಅವಳೇ ಹಾಲಾಗುತ್ತಾಳೆ. ಹಾಗಾದರೆ ಅಲ್ಲಿ ನಿಜವಾಗಿ ಮೂಸಿ ನೋಡುವ ಕೆಲಸ ನಡೆದಿದೆ, ಅದರ ರೀತಿ ಹೇಳುವ ‘ಕೇರ್‌ಫುಲಿ’ ಅಡ್ವರ್ಬ್.

‘ಲಿ’ ಬಾಲ ನೋಡಿ ಅಡ್ವರ್ಬ್ ಎಂದು ಬರೆಯುವುದನ್ನೂ ಬಿಡಿಸಿ. ಫ್ರೆಂಡ್ಲಿ, ಲವ್ಲಿ, ಅಗ್ಲಿ ಅಡ್ಜೆಕ್ಟಿವುಗಳು. ‘ಹಾರ್ಡ್’ ತಾನೇ ಅಡ್ವರ್ಬ್ ಆಗಬಲ್ಲದು, ಅದಕ್ಕೆ ‘ಲಿ’ ಹಚ್ಚಿದರೆ ಅರ್ಥವೇ ತಿರುಗುತ್ತದೆ: ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಮೈಮುರಿದು ದುಡಿಯುತ್ತಾನೆ, ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸ ಮಾಡುವುದೇ ಅಪರೂಪ.

ಮರಾಠಿಯ ಹೆಸರುಗಳು ಬೇರೆ ಎಂದಿರಿ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಸಬೇಕೆಂದು 2020ರಲ್ಲಿ ಕಾನೂನು ಬಂದ ಮೇಲೆ ಈ ಎರಡು ವ್ಯಾಕರಣದ ಜಗ್ಗಾಟ ಎಲ್ಲ ಮಕ್ಕಳಿಗೂ ಇದೆ. ನಾನು ಇದನ್ನು ಅನುಕೂಲವೆಂದೇ ಎಣಿಸುತ್ತೇನೆ. ಮರಾಠಿಯ ‘ಶಬ್ದಾಂಚ್ಯಾ ಜಾತಿ’ ಪಾಠದಲ್ಲಿ ಇರುವುದೂ ಎಂಟೇ. ನಾಮ, ಸರ್ವನಾಮ, ವಿಶೇಷಣ, ಕ್ರಿಯಾಪದ ಎಂಬ ನಾಲ್ಕನ್ನು ನೀವೇ ಗುರುತಿಸಬಲ್ಲಿರಿ. ಕ್ರಿಯಾವಿಶೇಷಣ ಎಂದರೆ ಅಡ್ವರ್ಬ್. ಉಭಯಾನ್ವಯಿ ಅವ್ಯಯ ಎಂದರೆ ಎರಡನ್ನು ಕೂಡಿಸುವ ಕಂಜಂಕ್ಷನ್. ಕೇವಲಪ್ರಯೋಗಿ ಎಂದರೆ ಅಯ್ಯೋ, ಅರೇ, ಶಾಭಾಸ್ ಎಂಬ ಇಂಟರ್ಜೆಕ್ಷನ್. ಉಳಿದದ್ದು ಶಬ್ದಯೋಗಿ ಅವ್ಯಯ, ಅದು ಪ್ರಿಪೊಸಿಷನ್ನಿಗೆ ಸಮ. 1836ರಲ್ಲಿ ದಾದೋಬಾ ಪಾಂಡುರಂಗ ತರ್ಖಡಕರ್ ಮರಾಠಿಗೆ ವ್ಯಾಕರಣ ಬರೆದಾಗ ಅವರ ಕಣ್ಣೆದುರು ಇಂಗ್ಲಿಷ್ ವ್ಯಾಕರಣದ ಮಾದರಿಯೂ ಇತ್ತು. ಹಾಗಾಗಿ ಎರಡೂ ಪಟ್ಟಿ ಇಷ್ಟು ಸಲೀಸಾಗಿ ಹೊಂದುತ್ತವೆ.

ವ್ಯತ್ಯಾಸ ಇರುವುದು ಜಾಗದಲ್ಲಿ. ಮರಾಠಿಯಲ್ಲಿ ‘ಟೇಬಲಾವರ’ ಎಂದು ‘ವರ’ ನಾಮಪದದ ನಂತರ ಬಂದು ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ‘ಮೇಜಿನ ಮೇಲೆ’ ಎಂದು ನಂತರವೇ ಬರುತ್ತದೆ. ಇಂಗ್ಲಿಷಿನಲ್ಲಿ ‘ಆನ್ ದ ಟೇಬಲ್’ ಎಂದು ನಾಮಪದಕ್ಕಿಂತ ಮೊದಲೇ ನಿಲ್ಲುತ್ತದೆ. ಮೊದಲು ನಿಂತ ಮೇಲೆ ಅದರ ಮುಂದೆ ಒಂದು ನಾಮಪದ ಬೇಕೇ ಬೇಕು. ಪ್ರಿಪೊಸಿಷನ್ ಗುರುತಿಸುವ ಕೀಲಿ ಇದೇ. ‘ಇನ್ ದ ಬಸ್’ ಎಂಬಲ್ಲಿ ‘ಇನ್’ ಪ್ರಿಪೊಸಿಷನ್. ‘ಕಮ್ ಇನ್’ ಎಂಬಲ್ಲಿ ಮುಂದೆ ಏನೂ ಇಲ್ಲ, ಅಲ್ಲಿ ಅಡ್ವರ್ಬ್. ‘ಬಿಫೋರ್ ಲಂಚ್’ ಎಂದರೆ ‘ಊಟಕ್ಕೆ ಮುಂಚೆ’, ಮುಂದೆ ನೌನ್ ಇದೆ, ಪ್ರಿಪೊಸಿಷನ್. ‘ಬಿಫೋರ್ ದ ಬೆಲ್ ರ್‍ಯಾಂಗ್’ ಎಂದರೆ ‘ಗಂಟೆ ಹೊಡೆಯುವ ಮುಂಚೆ’. ಮುಂದೆ ವರ್ಬ್ ಸಮೇತ ಇಡೀ ವಾಕ್ಯವೇ ಇದೆ, ಆದ್ದರಿಂದ ಕಂಜಂಕ್ಷನ್. ‘ಐ ಹ್ಯಾವ್ ಸೀನ್ ಇಟ್ ಬಿಫೋರ್’ ಎಂಬಲ್ಲಿ ಮುಂದೆ ಖಾಲಿ, ಅಡ್ವರ್ಬ್. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ವಿದ್ವಾಂಸರು ಪ್ರಕಟಿಸಿದ ಇಂಗ್ಲಿಷಿನ ಬೃಹತ್ ವ್ಯಾಕರಣ ಈ ಮೂರನ್ನೂ ಪ್ರಿಪೊಸಿಷನ್ ಎಂದೇ ಕರೆಯುತ್ತದೆ. ಅವರ ವಾದ ನನಗೆ ಒಪ್ಪಿಗೆ. ಆದರೆ ಶಾಲೆಯ ಪರೀಕ್ಷೆ ಇನ್ನೂ ಹಳೆಯ ವಿಂಗಡಣೆಯಲ್ಲಿದೆ, ಮಗಳು ಅದರಲ್ಲೇ ಬರೆಯಲಿ.

ಎಂಟು ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು, ಏಕೆಂದರೆ ಮಕ್ಕಳು ಅದನ್ನು ದೇವರ ಮಾತೆಂಬಂತೆ ಹಿಡಿದಿರುತ್ತಾರೆ. ಈ ಎಂಟು ಇಂಗ್ಲಿಷನ್ನು ನೋಡಿ ಮಾಡಿದ್ದಲ್ಲ. ಕ್ರಿಸ್ತಪೂರ್ವ 100ರ ಸುಮಾರಿಗೆ ಡಯೊನಿಸಿಯಸ್ ಥ್ರಾಕ್ಸ್ ಎಂಬುವನ ಹೆಸರಿನಲ್ಲಿ ಬಂದ ಗ್ರೀಕ್ ವ್ಯಾಕರಣ ಎಂಟು ಹೇಳಿತು. ಅದರಲ್ಲಿ ಆರ್ಟಿಕಲ್ (ಇಂಗ್ಲಿಷಿನ ಎ, ದ ಥರದ ಶಬ್ದ) ಇತ್ತು, ಇಂಟರ್ಜೆಕ್ಷನ್ ಇರಲಿಲ್ಲ. ಲ್ಯಾಟಿನ್ ಭಾಷೆಗೆ ಆರ್ಟಿಕಲ್ಲೇ ಇಲ್ಲ. ಅಲ್ಲಿಯ ವೈಯಾಕರಣರು ಅದನ್ನು ಬಿಟ್ಟು ಇಂಟರ್ಜೆಕ್ಷನ್ ಸೇರಿಸಿ ಎಂಟನ್ನು ಉಳಿಸಿಕೊಂಡರು. ಅಡ್ಜೆಕ್ಟಿವ್ ಆಗ ನೌನಿನ ಒಳಗೇ ಇತ್ತು, ಬೇರೆಯಾದದ್ದು ಬಹಳ ತಡವಾಗಿ. ನಮ್ಮ ಕಡೆ ಪ್ರಾಚೀನ ವಿದ್ವಾಂಸ ಯಾಸ್ಕ ಸಂಸ್ಕೃತಕ್ಕೆ ನಾಮ, ಆಖ್ಯಾತ (ಅಂದರೆ ಕ್ರಿಯಾಪದ), ಉಪಸರ್ಗ, ನಿಪಾತ ಎಂದು ನಾಲ್ಕು ಹೇಳಿದ. 13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡವನ್ನು ನೋಡಿದ್ದು ಮುಖ್ಯವಾಗಿ ನಾಮ, ಆಖ್ಯಾತ, ಅವ್ಯಯ ಎಂಬ ಕಣ್ಣಿನಿಂದ. ನೀವು ಶಾಲೆಯಲ್ಲಿ ಕಲಿತ ನಾಮಪದ, ಕ್ರಿಯಾಪದ, ಅವ್ಯಯ ಅಲ್ಲಿಂದ ಇಳಿದು ಬಂದದ್ದು: ವಿಭಕ್ತಿ ಹತ್ತುವುದು ನಾಮಪದ, ಕಾಲ ಮತ್ತು ಪುರುಷದ ಪ್ರತ್ಯಯ ಹತ್ತುವುದು ಕ್ರಿಯಾಪದ, ಎರಡೂ ಹತ್ತದೆ ಇದ್ದಂತೆ ಇರುವುದು ಅವ್ಯಯ. ನಿಮ್ಮ ಮೂರಕ್ಕೂ ಅವಳ ಎಂಟಕ್ಕೂ ಜಗಳವಿಲ್ಲ. ಪ್ರೊನೌನ್, ಅಡ್ಜೆಕ್ಟಿವ್ ಎರಡನ್ನೂ ನೀವು ನಾಮಪದದ ಕೆಳಗೆ ಸರ್ವನಾಮ, ಗುಣವಾಚಕ ಎಂದು ಕಲಿತಿದ್ದಿರಿ. ಉಳಿದ ನಾಲ್ಕರಲ್ಲಿ ಬಹುಪಾಲು ಅವ್ಯಯದ ಕೆಳಗೆ ಬರುತ್ತವೆ.

ಈಗಿನ ಪುಸ್ತಕಗಳಲ್ಲಿ ಎ, ದ, ಮೈ, ದಿಸ್, ಸಮ್, ಎವ್ರಿ ಇವುಗಳಿಗೆ ಡಿಟರ್ಮಿನರ್ ಎಂಬ ಒಂಬತ್ತನೆಯ ಮನೆ ಮಾಡಿರುತ್ತಾರೆ. ಹಳೆಯ ಪುಸ್ತಕಗಳು ಇವನ್ನೇ ಅಡ್ಜೆಕ್ಟಿವ್ ಎನ್ನುತ್ತವೆ. ಎರಡೂ ನಡೆಯುವ ಕ್ರಮಗಳೇ. ಮಗಳ ಶಾಲೆಯ ಪುಸ್ತಕ ಯಾವ ಹೆಸರು ಬಳಸುತ್ತದೆ ಎಂದು ನೀವೊಮ್ಮೆ ತೆರೆದು ನೋಡಿ, ಅದನ್ನೇ ಬರೆಯಲು ಹೇಳಿ.

ಇಂಗ್ಲಿಷ್ ಕೆಡುತ್ತದೆ ಎಂಬ ಭಯಕ್ಕೆ ಬರೋಣ. ಕನ್ನಡದಲ್ಲಿ ವಿವರಿಸಿದ್ದರಿಂದ ಯಾವ ಮಗುವಿನ ಇಂಗ್ಲಿಷೂ ಕೆಟ್ಟದ್ದನ್ನು ನಾನು ಕಂಡಿಲ್ಲ. ಅರ್ಥವಾಗದ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಉರುಹೊಡೆದು ಆ ವಿಷಯವನ್ನೇ ದ್ವೇಷಿಸಲು ಕಲಿತ ಮಕ್ಕಳನ್ನು ಬಹಳ ಕಂಡಿದ್ದೇನೆ, ಅದು ನನಗೆ ಇವತ್ತಿಗೂ ನೋವಿನ ವಿಷಯ. ವಾಕ್ಯ ಇಂಗ್ಲಿಷಿನದೇ ಇರಲಿ, ಉತ್ತರ ಇಂಗ್ಲಿಷಿನಲ್ಲೇ ಬರೆಯಲಿ. ನಡುವೆ ಯೋಚಿಸುವ ಭಾಷೆ ಅವಳಿಗೆ ಸಲೀಸಾದದ್ದಾಗಿರಲಿ. ದಿನಕ್ಕೆ ಒಂದು ವಾಕ್ಯ ಸಾಕು, ಅಡುಗೆ ಮಾಡುತ್ತಲೇ ಬಾಯಲ್ಲಿ ಮಾಡಬಹುದು. ನಿಮಗೆ ಇಂಗ್ಲಿಷ್ ಉಚ್ಚಾರದ ಅಳುಕಿದ್ದರೆ ಓದುವ ಕೆಲಸ ಅವಳಿಗೆ ಬಿಡಿ, ಪ್ರಶ್ನೆ ಕೇಳುವ ಕೆಲಸ ನಿಮ್ಮದು.

ಇವತ್ತು ರಾತ್ರಿಗೆ ‘ರೌಂಡ್’ ಎಂಬ ಶಬ್ದ ಕೊಡಿ, ಐದು ವಾಕ್ಯದಲ್ಲಿ. ‘ವಿ ಸ್ಯಾಟ್ ಅಟ್ ಎ ರೌಂಡ್ ಟೇಬಲ್.’ ‘ಶಿ ಲಾಸ್ಟ್ ಇನ್ ದ ಲಾಸ್ಟ್ ರೌಂಡ್.’ ‘ದ ಬಸ್ ರೌಂಡೆಡ್ ದ ಕಾರ್ನರ್.’ ‘ದ ಶಾಪ್ ಈಸ್ ರೌಂಡ್ ದ ಕಾರ್ನರ್.’ ‘ಹಿ ಟರ್ನ್ಡ್ ರೌಂಡ್.’ ಎರಡನೆಯದರಲ್ಲಿ ಕನ್ನಡದಲ್ಲಿ ‘ಲಾಸ್ಟ್’ ಎಂದೇ ಬರೆಯುವ ಎರಡು ಬೇರೆ ಶಬ್ದಗಳಿವೆ, ಸೋತದ್ದು ಒಂದು, ಕೊನೆಯದು ಇನ್ನೊಂದು, ಅದನ್ನೂ ಕೇಳಿ. ಉತ್ತರ ಕ್ರಮವಾಗಿ ಹೀಗೆ ಬರಬೇಕು: ಅಡ್ಜೆಕ್ಟಿವ್, ನೌನ್, ವರ್ಬ್, ಪ್ರಿಪೊಸಿಷನ್, ಅಡ್ವರ್ಬ್. ನಾಲ್ಕನೆಯದೂ ಐದನೆಯದೂ ಅದಲುಬದಲಾದರೆ ಮುಂದೆ ನೌನ್ ಇದೆಯೇ ಇಲ್ಲವೇ ಎಂದಷ್ಟೇ ಕೇಳಿ, ಹೆಸರು ನೀವಾಗಿ ಹೇಳಿಕೊಡಬೇಡಿ.